ಪಂದ್ಯದ ದಿನಾಂಕವನ್ನು ಸೋಂಕಿನ ಅಂಕಿಗಳ ಪಕ್ಕದಲ್ಲಿಟ್ಟು ಓದಬಹುದೇ?

ಪ್ರಶ್ನೆ: ಮೈದಾನದಂಚು

ಕೊರೊನಾ ಕಾಲದ ಕ್ರೀಡೆಯ ಬಗ್ಗೆ ಒಂದು ದೀರ್ಘ ಲೇಖನ ಸಿದ್ಧಪಡಿಸುತ್ತಿದ್ದೇನೆ. ಪಂದ್ಯಗಳು ಯಾವಾಗ ನಿಂತವು, ಯಾವಾಗ ಮತ್ತೆ ಆರಂಭವಾದವು ಎಂಬುದನ್ನು ಆಯಾ ಊರಿನ ಅಥವಾ ದೇಶದ ದೈನಂದಿನ ಪ್ರಕರಣಗಳ ಗ್ರಾಫಿನ ಮೇಲೆ ಗುರುತಿಸಿದರೆ ಆಟಕ್ಕೂ ಸೋಂಕಿಗೂ ಇದ್ದ ಸಂಬಂಧ ಕಣ್ಣಿಗೆ ಕಟ್ಟುತ್ತದೆ ಎಂಬ ಎಣಿಕೆಯಿಂದ ಕೆಲಸಕ್ಕೆ ಕೈಹಾಕಿದೆ. ಗುರುತು ಹಾಕುತ್ತಾ ಹೋದಂತೆ ಒಂದಕ್ಕೊಂದು ತಾಳೆಯಾಗುತ್ತಿಲ್ಲ.

2020ರ ಫೆಬ್ರವರಿ 19ರಂದು ಮಿಲಾನಿನ ಸ್ಯಾನ್ ಸಿರೊ ಕ್ರೀಡಾಂಗಣದಲ್ಲಿ ಅಟಲಾಂಟಾ ಮತ್ತು ವೆಲೆನ್ಸಿಯಾ ತಂಡಗಳ ನಡುವೆ ಚಾಂಪಿಯನ್ಸ್ ಲೀಗ್ ಫುಟ್‌ಬಾಲ್ ಪಂದ್ಯ ನಡೆಯಿತು. ನಲವತ್ತು ಸಾವಿರಕ್ಕೂ ಹೆಚ್ಚು ಜನ ಸೇರಿದ್ದ, ಅಟಲಾಂಟಾದ ತವರೂರಾದ ಬೆರ್ಗಾಮೊ ಕಡೆಯವರೇ ಹೆಚ್ಚಾಗಿದ್ದ ಆ ಪಂದ್ಯವನ್ನು ಮುಂದೆ ಅನೇಕರು ಸೋಂಕು ಹಬ್ಬಿಸಿದ ಪಂದ್ಯವೆಂದೇ ಕರೆದರು. ಆದರೆ ಆ ದಿನದವರೆಗೆ ಇಟಲಿಯಲ್ಲಿ ದೃಢಪಟ್ಟಿದ್ದ ಪ್ರಕರಣಗಳು ಮೂರೇ ಮೂರು. ನನ್ನ ಗ್ರಾಫಿನಲ್ಲಿ ಪಂದ್ಯದ ಗುರುತು ಹೆಚ್ಚೂಕಡಿಮೆ ಸೊನ್ನೆಯ ಮೇಲೆಯೇ ಕುಳಿತಿದೆ.

ಟೋಕಿಯೊ ಒಲಿಂಪಿಕ್ಸ್‌ನ ಕಥೆ ಇದಕ್ಕೆ ತದ್ವಿರುದ್ಧ. 2021ರ ಜುಲೈ 23ರಿಂದ ಆಗಸ್ಟ್ 8ರವರೆಗೆ ನಡೆದ ಕ್ರೀಡಾಕೂಟದ ಬಹುತೇಕ ಸ್ಪರ್ಧೆಗಳಿಗೆ ಪ್ರೇಕ್ಷಕರನ್ನೇ ಬಿಟ್ಟಿರಲಿಲ್ಲ. ಆದರೂ ನಗರದ ದೈನಂದಿನ ಪ್ರಕರಣಗಳು ಜುಲೈ 31ರಂದು ಮೊದಲ ಬಾರಿಗೆ ನಾಲ್ಕು ಸಾವಿರವನ್ನೂ ಆಗಸ್ಟ್ 5ರಂದು ಐದು ಸಾವಿರವನ್ನೂ ದಾಟಿದವು. ಗ್ರಾಫನ್ನಷ್ಟೇ ನೋಡಿದವರು ಒಲಿಂಪಿಕ್ಸೇ ಸೋಂಕನ್ನು ಹೊತ್ತು ತಂದಿತು ಎಂದುಬಿಡುತ್ತಾರೆ. ಇನ್ನು ಜರ್ಮನಿಯ ಫುಟ್‌ಬಾಲ್ ಲೀಗ್ ಬುಂಡೆಸ್‌ಲಿಗಾ 2020ರ ಮೇ 16ರಂದು ಖಾಲಿ ಕ್ರೀಡಾಂಗಣಗಳಲ್ಲಿ ಪುನರಾರಂಭವಾದಾಗ ಇಳಿಮುಖವಾಗಿದ್ದ ಗೆರೆ ಅದರಿಂದ ಮತ್ತೆ ಮೇಲೇರಲಿಲ್ಲ.

ಜನರ ದಿನಚರಿಯೂ ಇದೇ ಅಂಕಿಗಳಿಗೆ ಕಟ್ಟುಬಿದ್ದಿತ್ತು. ಶಾಲೆ ತೆರೆಯಬೇಕೇ, ಉದ್ಯಾನಕ್ಕೆ ಬೀಗ ಹಾಕಬೇಕೇ, ಮಕ್ಕಳನ್ನು ಆಡಲು ಬಿಡಬೇಕೇ ಎಂಬುದೆಲ್ಲ ಸಂಜೆಯ ಬುಲೆಟಿನ್ ಬಂದ ಮೇಲೆ ತೀರ್ಮಾನವಾಗುತ್ತಿತ್ತು. ಹಾಗಾದರೆ ಆ ಅಂಕಿ ನಿಜವಾಗಿ ಯಾವುದರ ಅಳತೆಯಾಗಿತ್ತು? ಪಂದ್ಯದ ದಿನಾಂಕವನ್ನು ಅದರ ಪಕ್ಕದಲ್ಲಿಟ್ಟು ಏನನ್ನಾದರೂ ಹೇಳಲು ಬರುತ್ತದೆಯೇ? ಬಲ್ಲವರು ತಿಳಿಸಿಕೊಡಬೇಕಾಗಿ ವಿನಂತಿ.

ಉತ್ತರ: ಅಂಶ-ಛೇದ

ದೈನಂದಿನ ಪ್ರಕರಣಗಳ ಸಂಖ್ಯೆಯನ್ನು ಇದ್ದಂತೆಯೇ ತೆಗೆದುಕೊಂಡರೆ ಹೇಳಲು ಬರುವುದಿಲ್ಲ. ಆ ಸಂಖ್ಯೆಯಲ್ಲಿ ಸೋಂಕು ಎಷ್ಟಿದೆಯೋ ಅಷ್ಟೇ ಪ್ರಮಾಣದಲ್ಲಿ ಪರೀಕ್ಷೆಯ ವ್ಯವಸ್ಥೆಯೂ ಬೆರೆತಿದೆ. ನೀವು ಕೊಟ್ಟಿರುವ ಇಟಲಿಯ ಉದಾಹರಣೆಯಲ್ಲೇ ಇದು ಸ್ಪಷ್ಟವಾಗುತ್ತದೆ. ಆ ಮೂವರಲ್ಲಿ ಇಬ್ಬರು ಚೀನಾದಿಂದ ಬಂದಿದ್ದ ಪ್ರವಾಸಿಗಳು, ಇನ್ನೊಬ್ಬರು ವುಹಾನಿನಿಂದ ಕರೆತರಲಾಗಿದ್ದ ಇಟಲಿಯ ಪ್ರಜೆ. ಅಂದರೆ ಚೀನಾದ ನಂಟು ಇದ್ದವರನ್ನು ಮಾತ್ರ ಹುಡುಕಲಾಗುತ್ತಿತ್ತು, ಸಿಕ್ಕವರೂ ಅಂಥವರೇ. ಪಂದ್ಯ ಮುಗಿದ ಮರುದಿನ ರಾತ್ರಿ ಕೊದೊನ್ಯೊ ಪಟ್ಟಣದಲ್ಲಿ ಸ್ಥಳೀಯವಾಗಿ ಸೋಂಕು ತಗುಲಿದ ಮೊದಲ ರೋಗಿ ಪತ್ತೆಯಾದಾಗ ವೈರಸ್ ಆ ಪ್ರಾಂತದಲ್ಲಿ ಆಗಲೇ ವಾರಗಟ್ಟಲೆ ಓಡಾಡಿತ್ತು. ಮೂರು ಎಂಬುದು ಹುಡುಕಿದ ಜಾಗದಲ್ಲಿ ಸಿಕ್ಕವರ ಲೆಕ್ಕವಾಗಿತ್ತೇ ಹೊರತು ಇಡೀ ದೇಶದ ಸೋಂಕಿತರ ಲೆಕ್ಕವಾಗಿರಲಿಲ್ಲ.

ಎಣಿಸುವ ವಿಧಾನ ಬದಲಾದರೂ ಗ್ರಾಫು ನೆಗೆಯುತ್ತದೆ. 2020ರ ಫೆಬ್ರವರಿ 12ರ ಲೆಕ್ಕದಲ್ಲಿ ಚೀನಾದ ಹುಬೇ ಪ್ರಾಂತ ಒಂದೇ ದಿನಕ್ಕೆ 14,840 ಹೊಸ ಪ್ರಕರಣಗಳನ್ನು ತೋರಿಸಿತು. ಅವುಗಳಲ್ಲಿ 13,332 ಪ್ರಕರಣಗಳು ಪ್ರಯೋಗಾಲಯದ ದೃಢೀಕರಣವಿಲ್ಲದೆ, ರೋಗಲಕ್ಷಣ ಮತ್ತು ಶ್ವಾಸಕೋಶದ ಸ್ಕ್ಯಾನ್ ಆಧರಿಸಿ ವೈದ್ಯರು ಗುರುತಿಸಿದವುಗಳಾಗಿದ್ದವು. ಆ ದಿನ ಜಿಗಿದದ್ದು ವ್ಯಾಖ್ಯೆ. ಇಂಗ್ಲೆಂಡಿನದು ಇನ್ನೂ ವಿಚಿತ್ರ. ಅಲ್ಲಿ 2020ರ ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರ ನಡುವಿನ 15,841 ಪ್ರಕರಣಗಳು ಸಕಾಲಕ್ಕೆ ಲೆಕ್ಕಕ್ಕೆ ಸೇರಲೇ ಇಲ್ಲ, ಏಕೆಂದರೆ ಮಾಹಿತಿಯನ್ನು ತುಂಬುತ್ತಿದ್ದ ಹಳೆಯ ಮಾದರಿಯ ಎಕ್ಸೆಲ್ ಕಡತದಲ್ಲಿ 65,536ಕ್ಕಿಂತ ಹೆಚ್ಚು ಸಾಲುಗಳಿಗೆ ಜಾಗವಿರಲಿಲ್ಲ. ಉಳಿದುಹೋದ ಪ್ರಕರಣಗಳನ್ನು ಆ ವಾರಾಂತ್ಯದಲ್ಲಿ ಒಟ್ಟಿಗೆ ಸೇರಿಸಿದ್ದರಿಂದ ಗ್ರಾಫಿನಲ್ಲಿ ಕಡಿದಾದ ಏರು ಕಾಣಿಸಿತು. ಅದೇ ವಾರಾಂತ್ಯದ ಯಾವುದಾದರೂ ಪಂದ್ಯವನ್ನು ನೀವು ಗುರುತಿಸಿದ್ದರೆ, ಪಾಪ, ತಪ್ಪೆಲ್ಲ ಆ ಪಂದ್ಯದ ತಲೆಗೆ ಬರುತ್ತದೆ.

ವಿಳಂಬವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮೂಲ ತಳಿಯ ಸೋಂಕು ತಗುಲಿದ ಬಳಿಕ ಲಕ್ಷಣ ಕಾಣಿಸಿಕೊಳ್ಳಲು ಸರಾಸರಿ ಐದು ದಿನ ಬೇಕಾಗುತ್ತಿತ್ತು. ರೋಗಿ ಪರೀಕ್ಷೆಗೆ ಹೋಗಲು ಮತ್ತೊಂದೆರಡು ದಿನ, ವರದಿ ಬಂದು ಪಟ್ಟಿಗೆ ಸೇರಲು ಇನ್ನೂ ಒಂದೆರಡು ದಿನ ಹಿಡಿಯುತ್ತಿತ್ತು. ಹೀಗಾಗಿ ಇಂದಿನ ಅಂಕಿ ಏನಿಲ್ಲವೆಂದರೂ ವಾರ, ಹತ್ತು ದಿನಗಳ ಹಿಂದಿನ ಸ್ಥಿತಿಯನ್ನು ಹೇಳುತ್ತಿತ್ತು. ಸಾವಿನ ಅಂಕಿ ಇನ್ನೂ ಹಿಂದಿನದನ್ನು. ಪಂದ್ಯದ ಪರಿಣಾಮವನ್ನು ಪಂದ್ಯದ ದಿನದ ಗೆರೆಯಲ್ಲಿ ಹುಡುಕುವುದು ವ್ಯರ್ಥ.

ಇವೆಲ್ಲಕ್ಕಿಂತ ಮುಖ್ಯವಾದದ್ದು ಛೇದ. ನೂರು ಜನರಿಗೆ ಸೋಂಕಿದೆ ಎಂದಾಗ ಎಷ್ಟು ಜನರನ್ನು ಪರೀಕ್ಷಿಸಿದ ಮೇಲೆ ಆ ನೂರು ಬಂತು ಎಂಬುದು ಗೊತ್ತಿಲ್ಲದಿದ್ದರೆ ಆ ಸಂಖ್ಯೆಯಿಂದ ಏನೂ ತಿಳಿಯುವುದಿಲ್ಲ. ಪಾಸಿಟಿವಿಟಿ ದರ, ಅಂದರೆ ಪರೀಕ್ಷೆಗಳಲ್ಲಿ ಪಾಸಿಟಿವ್ ಬಂದವುಗಳ ಪ್ರಮಾಣ, ಎರಡು ವಾರ ಶೇಕಡ 5ಕ್ಕಿಂತ ಕೆಳಗಿದ್ದರೆ ಮಾತ್ರ ಹರಡುವಿಕೆ ಹತೋಟಿಯಲ್ಲಿದೆ ಎಂದು ಭಾವಿಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮೇ ತಿಂಗಳಲ್ಲಿ ಸೂಚಿಸಿದ್ದು ಇದೇ ಕಾರಣಕ್ಕೆ. ಆ ಕಾಲದಲ್ಲಿ ಛೇದ ಖಚಿತವಾಗಿ ಗೊತ್ತಿದ್ದ ಜಾಗಗಳು ಬಹಳ ಕಡಿಮೆ. ಸೋಂಕಿನಿಂದಾಗಿ ಜಪಾನಿನಲ್ಲಿ ತಡೆಹಿಡಿಯಲಾಗಿದ್ದ ಡೈಮಂಡ್ ಪ್ರಿನ್ಸೆಸ್ ಪ್ರವಾಸಿ ಹಡಗು ಅಂಥದೊಂದು: ಅದರಲ್ಲಿದ್ದ 3,711 ಮಂದಿಯ ಪೈಕಿ 712 ಮಂದಿಗೆ ಸೋಂಕು ತಗುಲಿತ್ತು. ಕ್ರೀಡಾ ತಂಡಗಳು ಇನ್ನೊಂದು. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ 2020ರ ಮೇ 17 ಮತ್ತು 18ರಂದು ಆಟಗಾರರು ಹಾಗೂ ಸಿಬ್ಬಂದಿಯಾಗಿ 748 ಜನರನ್ನು ಪರೀಕ್ಷಿಸಿದಾಗ ಆರು ಮಂದಿಗೆ ಸೋಂಕಿರುವುದು ಕಂಡುಬಂತು. ಇದರ ಅಂಶವೂ ಗೊತ್ತು, ಛೇದವೂ ಗೊತ್ತು. ಲಕ್ಷಣ ಇದ್ದವರನ್ನು, ಇಲ್ಲದವರನ್ನು ಬೇರ್ಪಡಿಸದೆ ಎಲ್ಲರನ್ನೂ ಪರೀಕ್ಷಿಸಿದ ಲೆಕ್ಕವದು. ಊರಿನ ಅಂಕಿಯೊಂದಿಗೆ ಇದನ್ನು ನೇರವಾಗಿ ಹೋಲಿಸಲು ಬಾರದು, ಏಕೆಂದರೆ ಊರಿನಲ್ಲಿ ಪರೀಕ್ಷೆಗೆ ಬಂದವರು ಹೆಚ್ಚಾಗಿ ಕೆಮ್ಮು, ಜ್ವರ ಇದ್ದವರು.

ಉತ್ತರ: ಗಾಜಿನ ನಳಿಕೆ

ಮೇಲಿನವರ ಮಾತಿಗೆ ಪ್ರಯೋಗಾಲಯದ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ಆ ಅವಧಿಯಲ್ಲಿ ನಾನು ಆರ್‌ಟಿ-ಪಿಸಿಆರ್ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೆ.

ಯಂತ್ರಕ್ಕೆ ಇಡುವ ತಟ್ಟೆಯಲ್ಲಿ 96 ಕುಳಿಗಳಿರುತ್ತವೆ. ಕನಿಷ್ಠ ಎರಡು ಕುಳಿಗಳನ್ನು ನಿಯಂತ್ರಣ ಮಾದರಿಗಳಿಗಾಗಿ ಬಿಡಬೇಕು. ಒಂದರಲ್ಲಿ ವೈರಸ್ಸಿನ ಆರ್‌ಎನ್‌ಎ ಖಂಡಿತ ಇರಬೇಕು, ಇನ್ನೊಂದರಲ್ಲಿ ಖಂಡಿತ ಇರಬಾರದು. ಇರಬಾರದ ಕುಳಿಯಲ್ಲಿ ವೈರಸ್ ಇದೆಯೆಂದು ಸೂಚಿಸುವ ಗೆರೆ ಮೇಲೆದ್ದರೆ ಇಡೀ ತಟ್ಟೆಯನ್ನು ಬದಿಗಿಟ್ಟು ಮತ್ತೆ ಮೊದಲಿನಿಂದ ಮಾಡಬೇಕಾಗುತ್ತಿತ್ತು, ಮತ್ತು ಆ ತಟ್ಟೆಯಲ್ಲಿದ್ದವರೆಲ್ಲರ ವರದಿಯೂ ಮರುದಿನದ ಲೆಕ್ಕಕ್ಕೆ ಹೋಗುತ್ತಿತ್ತು. ಭಾನುವಾರ ಗಂಟಲು ದ್ರವದ ಮಾದರಿಗಳು ಕಡಿಮೆ ಬರುತ್ತಿದ್ದವು. ಸೋಮವಾರದ ಬುಲೆಟಿನ್ನಿನಲ್ಲಿ ಅಂಕಿ ತಗ್ಗಿದ್ದನ್ನು ಕಂಡು ಜನ ಸಮಾಧಾನಪಡುತ್ತಿದ್ದರು. ಮಂಗಳವಾರ, ಬುಧವಾರ ಅದು ಮತ್ತೆ ಏರುತ್ತಿತ್ತು. ವೈರಸ್ಸಿಗೆ ವಾರದ ರಜೆ ಇರಲಿಲ್ಲ, ರಜೆ ಇದ್ದದ್ದು ಮಾದರಿ ಸಂಗ್ರಹಕ್ಕೆ. ಆದ್ದರಿಂದ ನಿಮ್ಮ ಗ್ರಾಫಿಗೆ ಏಳು ದಿನಗಳ ಸರಾಸರಿಯನ್ನೇ ಬಳಸಿ. ವರದಿ ಪ್ರಕಟವಾದ ದಿನಾಂಕದ ಬದಲು ಮಾದರಿ ತೆಗೆದ ದಿನಾಂಕದ ಪಟ್ಟಿ ಸಿಗುವ ದೇಶಗಳಲ್ಲಿ ಅದನ್ನೇ ತೆಗೆದುಕೊಳ್ಳಿ.

ಕ್ರೀಡಾಪಟುಗಳ ಪರೀಕ್ಷೆಯಲ್ಲಿ ಬೇರೊಂದು ತೊಡಕಿತ್ತು. ಸೋಂಕಿಲ್ಲದ ಸಾವಿರ ಮಂದಿಯಲ್ಲಿ ಒಬ್ಬರಿಗೆ ಮಾತ್ರ ತಪ್ಪಾಗಿ ಪಾಸಿಟಿವ್ ತೋರಿಸುವಷ್ಟು ಒಳ್ಳೆಯ ಪರೀಕ್ಷೆ ಇದೆ ಎಂದಿಟ್ಟುಕೊಳ್ಳಿ. ಬಬಲ್ ಒಳಗಿರುವ, ಅಂದರೆ ಹೊರಗಿನವರ ಸಂಪರ್ಕವಿಲ್ಲದಂತೆ ಒಂದೆಡೆ ಇರಿಸಲಾದ, ಆರೋಗ್ಯವಂತರ ಮೇಲೆ ಅಂಥ ಹತ್ತು ಸಾವಿರ ಪರೀಕ್ಷೆ ಮಾಡಿದರೆ ಸುಮಾರು ಹತ್ತು ಸುಳ್ಳು ಪಾಸಿಟಿವ್‌ಗಳು ಬಂದೇ ಬರುತ್ತವೆ. ಸೋಂಕು ತೀರಾ ವಿರಳವಾಗಿರುವ ಕಡೆ ನಿಜವಾದವುಗಳಿಗಿಂತ ಸುಳ್ಳಿನವೇ ಹೆಚ್ಚಾಗಬಹುದು. ಹೀಗಾಗಿಯೇ ಒಂದು ಪಾಸಿಟಿವ್ ಬಂದೊಡನೆ ಆಟಗಾರನನ್ನು ಪ್ರತ್ಯೇಕಿಸಿ, ಎರಡನೆಯ ಮಾದರಿಯನ್ನು ಪರೀಕ್ಷಿಸಿದ ಮೇಲಷ್ಟೇ ತೀರ್ಮಾನಿಸುವ ಕ್ರಮ ಅನೇಕ ಲೀಗುಗಳಲ್ಲಿತ್ತು. ಇದಲ್ಲದೆ, ಗುಣಮುಖರಾದವರ ಮೂಗಿನಲ್ಲಿ ವೈರಸ್ಸಿನ ಆರ್‌ಎನ್‌ಎ ತುಣುಕುಗಳು ವಾರಗಟ್ಟಲೆ ಉಳಿಯಬಹುದು. ಅಂಥವರಿಂದ ಬೇರೆಯವರಿಗೆ ಸೋಂಕು ಹರಡುವ ಸಂಭವ ಕಡಿಮೆಯಾದರೂ ಯಂತ್ರ ಪಾಸಿಟಿವ್ ಎಂದೇ ಹೇಳುತ್ತದೆ. ವೈರಸ್ ಪತ್ತೆಯಾಗಲು ಯಂತ್ರ ಎಷ್ಟು ಆವರ್ತ ಓಡಬೇಕಾಯಿತು ಎಂಬುದನ್ನು ಹೇಳುವ ಸಿಟಿ (Ct) ಮೌಲ್ಯ ನೋಡಿದರೆ ಒಂದಿಷ್ಟು ಅಂದಾಜು ಸಿಗುತ್ತದೆ. ಬುಲೆಟಿನ್ನಿನಲ್ಲಿ ಆ ಮೌಲ್ಯಕ್ಕೆ ಜಾಗವಿರಲಿಲ್ಲ, ಹೊಸ ಸೋಂಕೂ ಹಳೆಯ ತುಣುಕೂ ಅಲ್ಲಿ ಒಂದೇ ಎಣಿಕೆ.

ಮರುಪ್ರಶ್ನೆ: ಮೈದಾನದಂಚು

ಇಬ್ಬರಿಗೂ ಧನ್ಯವಾದ. ಏಳು ದಿನಗಳ ಸರಾಸರಿ ಮತ್ತು ಮಾದರಿಯ ದಿನಾಂಕ, ಎರಡನ್ನೂ ಅಳವಡಿಸಿಕೊಳ್ಳುತ್ತೇನೆ. ಆದರೆ ಲೇಖನದ ತಿರುಳಾದ ಪ್ರಶ್ನೆ ಹಾಗೆಯೇ ಉಳಿದಿದೆ. ಪ್ರೇಕ್ಷಕರಿದ್ದ ಪಂದ್ಯಗಳಿಂದ ಸೋಂಕು ಹರಡಿದ್ದರೆ ಅದು ಕ್ರೀಡಾಂಗಣದ ಒಳಗೆ ಹರಡಿತೇ, ಅಲ್ಲಿಗೆ ಹೋಗಿ ಬರುವ ದಾರಿಯಲ್ಲಿಯೇ? ಇದನ್ನು ಬಿಡಿಸಿ ತೋರಿಸುವ ಅಂಕಿಗಳು ಎಲ್ಲಾದರೂ ಇವೆಯೇ?

ಉತ್ತರ: ಹನ್ನೆರಡನೆಯ ಆಟಗಾರ

ಒಂದು ಒಳ್ಳೆಯ ಲೆಕ್ಕವಿದೆ. ಒಂದು ವರ್ಷ ಮುಂದಕ್ಕೆ ಹೋಗಿ 2021ರ ಜೂನ್‌ನಲ್ಲಿ ಆರಂಭವಾದ ಯೂರೊ 2020 ಫುಟ್‌ಬಾಲ್ ಟೂರ್ನಿಯ ಸಮಯದಲ್ಲಿ ಸ್ಕಾಟ್‌ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆ ಸೋಂಕಿತರನ್ನು ಅವರ ಓಡಾಟದ ಬಗ್ಗೆ ವಿಚಾರಿಸಿ, ಟೂರ್ನಿಯ ನಂಟಿರುವ 1,991 ಪ್ರಕರಣಗಳನ್ನು ಗುರುತಿಸಿತು. ಅವರಲ್ಲಿ 1,294 ಮಂದಿ ಲಂಡನ್ನಿಗೆ ಹೋಗಿ ಬಂದಿದ್ದರು. ಜೂನ್ 18ರಂದು ಅಲ್ಲಿನ ವೆಂಬ್ಲಿಯಲ್ಲಿ ನಡೆದ ಇಂಗ್ಲೆಂಡ್ ವಿರುದ್ಧದ ಪಂದ್ಯವನ್ನು ಕ್ರೀಡಾಂಗಣದ ಒಳಗೆ ಕುಳಿತು ನೋಡಿದವರು 397 ಮಂದಿ ಮಾತ್ರ. ಉಳಿದ ಬಹುಪಾಲು ಜನ ಟಿಕೆಟ್ ಇಲ್ಲದಿದ್ದರೂ ಗೆಳೆಯರೊಂದಿಗೆ ಬಸ್ಸು, ರೈಲು ಹತ್ತಿ ಊರು ಬಿಟ್ಟವರು. ಮುಚ್ಚಿದ ಕೋಣೆಯಲ್ಲಿ ಒತ್ತಾಗಿ ಕುಳಿತು, ಕೂಗಿ, ಹಾಡಿ ಪಂದ್ಯ ನೋಡಿದವರೂ ಅವರಲ್ಲಿ ಇದ್ದಿರಲೇಬೇಕು. ಅವರಿಗೆ ಸೋಂಕು ತಗುಲಿದ್ದು ಅಲ್ಲಿಯೇ ಎಂದು ಈ ಲೆಕ್ಕ ಸಾಬೀತುಪಡಿಸುವುದಿಲ್ಲ, ಆದರೂ ಗ್ಯಾಲರಿಯನ್ನಷ್ಟೇ ದೂರುವವರು ಇದನ್ನು ಒಮ್ಮೆ ನೋಡಬೇಕು. ಅಟಲಾಂಟಾ ಪಂದ್ಯದ ವಿಷಯದಲ್ಲೂ ನನ್ನ ಅನುಮಾನ ಇದೇ: ಬೆರ್ಗಾಮೊದಿಂದ ಮಿಲಾನಿಗೆ ತುಂಬಿ ಹೋದ ಬಸ್ಸುಗಳು ಮತ್ತು ಊರಿನಲ್ಲೇ ಉಳಿದು ಒಟ್ಟಿಗೆ ಟಿವಿ ನೋಡಿದ ಮನೆಗಳು ಗ್ಯಾಲರಿಯಷ್ಟೇ ಪಾಲುದಾರರು. ಅಂದು ಸೋತ ವೆಲೆನ್ಸಿಯಾ ತಂಡದಲ್ಲಿ ಮುಂದಿನ ತಿಂಗಳ ಹೊತ್ತಿಗೆ ಸುಮಾರು ಶೇಕಡ 35ರಷ್ಟು ಮಂದಿಗೆ ಸೋಂಕು ದೃಢಪಟ್ಟಿದ್ದಾಗಿ ಕ್ಲಬ್ಬೇ ತಿಳಿಸಿತ್ತು.

ಬಬಲ್ ಎಂಬ ಏರ್ಪಾಡು ಗೆದ್ದದ್ದೂ ಸೋತದ್ದೂ ಪ್ರಯಾಣದ ಮೇಲೆಯೇ. ಅಮೆರಿಕದ ಎನ್‌ಬಿಎ ಬಾಸ್ಕೆಟ್‌ಬಾಲ್ ಲೀಗ್ 2020ರ ಮಾರ್ಚ್ 11ರಂದು, ಅಂದರೆ ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಅನ್ನು ಸಾಂಕ್ರಾಮಿಕ ಮಹಾಪಿಡುಗೆಂದು ಕರೆದ ದಿನವೇ, ಒಬ್ಬ ಆಟಗಾರನ ವರದಿ ಪಾಸಿಟಿವ್ ಬಂದ ಕೂಡಲೇ ನಿಂತುಹೋಯಿತು. ಜುಲೈ 30ರಂದು ಮತ್ತೆ ಶುರುವಾದಾಗ ಆಟಕ್ಕೆ ಮರಳಿದ 22 ತಂಡಗಳನ್ನೂ ಫ್ಲಾರಿಡಾದ ಡಿಸ್ನಿ ವರ್ಲ್ಡ್ ಆವರಣದಲ್ಲಿ ಇರಿಸಿ, ಹೊರಗಿನವರನ್ನು ಬಿಡದೆ, ಅಕ್ಟೋಬರ್ 11ರ ಅಂತಿಮ ಪಂದ್ಯದವರೆಗೂ ಅಲ್ಲಿಯೇ ಆಡಿಸಿದರು. ಫ್ಲಾರಿಡಾದಲ್ಲಿ ಸೋಂಕು ಉತ್ತುಂಗದಲ್ಲಿದ್ದ ದಿನಗಳಲ್ಲೂ ಒಳಗಿದ್ದ ಆಟಗಾರರ ವಾರದ ವರದಿಯಲ್ಲಿ ಹೊಸ ಪಾಸಿಟಿವ್ ಸೊನ್ನೆ ಎಂದೇ ಬರುತ್ತಿತ್ತು. ಐಪಿಎಲ್ ಕೂಡ 2020ರಲ್ಲಿ ಯುಎಇಯ ಮೂರು ಅಂಗಣಗಳಲ್ಲಿ ಸುಸೂತ್ರವಾಗಿ ಮುಗಿಯಿತು. 2021ರಲ್ಲಿ ತಂಡಗಳು ನಗರದಿಂದ ನಗರಕ್ಕೆ ವಿಮಾನದಲ್ಲಿ ಹೋಗಬೇಕಾದಾಗ ಬಬಲ್ ಒಡೆಯಿತು, ಮೇ 4ರಂದು ಟೂರ್ನಿಯನ್ನು ಅರ್ಧಕ್ಕೆ ನಿಲ್ಲಿಸಬೇಕಾಯಿತು. ಬಬಲ್ಲೇ ಇಲ್ಲದೆ, ಪ್ರೇಕ್ಷಕರನ್ನೂ ಬಿಟ್ಟುಕೊಂಡು 2020ರ ಜೂನ್‌ನಲ್ಲಿ ಬಾಲ್ಕನ್ ದೇಶಗಳಲ್ಲಿ ನಡೆಸಿದ ಏಡ್ರಿಯಾ ಟೂರ್ ಟೆನಿಸ್‌ನಲ್ಲಿ ಆಯೋಜಕ ಜೊಕೊವಿಚ್ ಸೇರಿದಂತೆ ಹಲವು ಆಟಗಾರರಿಗೆ ಸೋಂಕು ತಗುಲಿತು.

ಖಾಲಿ ಕ್ರೀಡಾಂಗಣದ ಆಟದ ಬಗ್ಗೆಯೂ ನಿಮ್ಮ ಲೇಖನದಲ್ಲಿ ಒಂದು ಪುಟವಾದರೂ ಇರಲಿ. ಬುಂಡೆಸ್‌ಲಿಗಾ ಮರಳಿದ ದಿನ ಡಾರ್ಟ್‌ಮಂಡ್ ತಂಡ ಶಾಲ್ಕೆಯನ್ನು 4-0ಯಿಂದ ಸೋಲಿಸಿತು. ಟಿವಿಯಲ್ಲಿ ಚೆಂಡಿಗೆ ಕಾಲು ಬಡಿದ ಸದ್ದು, ಗೋಲ್‌ಕೀಪರನ ಕೂಗು, ತರಬೇತುದಾರರ ಬೈಗುಳ ಎಲ್ಲವೂ ಬಿಡಿಬಿಡಿಯಾಗಿ ಕೇಳುತ್ತಿದ್ದವು. ಬದಲಿ ಆಟಗಾರರು ಮಾಸ್ಕ್ ಧರಿಸಿ, ನಡುವೆ ಆಸನ ಬಿಟ್ಟು ಕುಳಿತಿದ್ದರು. ಗೋಲು ಹೊಡೆದವರು ತಬ್ಬಿಕೊಳ್ಳದೆ ಮೊಣಕೈ ತಾಗಿಸಿಕೊಂಡರು. ಪಂದ್ಯ ಮುಗಿದ ಮೇಲೆ ಆಟಗಾರರು ಎಂದಿನಂತೆ ದಕ್ಷಿಣದ ಗ್ಯಾಲರಿಯ ಮುಂದೆ ಸಾಲಾಗಿ ನಿಂತು, ಅಲ್ಲಿ ಒಬ್ಬರೂ ಇಲ್ಲದಿದ್ದರೂ ಕೈಯೆತ್ತಿ ಸಂಭ್ರಮಿಸಿದರು. ಆ ಋತುವಿನ ಉಳಿದ ಪಂದ್ಯಗಳಲ್ಲಿ ತವರಿನ ತಂಡಗಳ ಗೆಲುವಿನ ಪ್ರಮಾಣ ಕುಸಿಯಿತು. ಪ್ರೇಕ್ಷಕರ ಗದ್ದಲವಿಲ್ಲದಾಗ ರೆಫರಿಗಳು ಎದುರಾಳಿಗಳಿಗೆ ತೋರಿಸುತ್ತಿದ್ದ ಹಳದಿ ಕಾರ್ಡುಗಳೂ ಕಡಿಮೆಯಾದವೆಂದು ಹಲವು ಅಧ್ಯಯನಗಳು ಕಂಡುಕೊಂಡಿವೆ. ಪಂದ್ಯಕ್ಕೆ ಐದು ಬದಲಿ ಆಟಗಾರರನ್ನು ಇಳಿಸುವ ಅವಕಾಶ, ಕ್ರಿಕೆಟ್ ಚೆಂಡಿಗೆ ಎಂಜಲು ಸವರಬಾರದೆಂಬ ನಿಯಮ, ಇವೂ ಅದೇ ಬೇಸಿಗೆಯಲ್ಲಿ ತಾತ್ಕಾಲಿಕವೆಂದು ಬಂದು ಮುಂದೆ ಕಾಯಂ ಆದವು.

ಪ್ರತಿಕ್ರಿಯೆ: ಸಂಜೆಯ ಬುಲೆಟಿನ್

ಛೇದದ ವಾದವನ್ನು ಒಪ್ಪುತ್ತೇನೆ. ಆದರೆ ಅದನ್ನು ಸ್ವಲ್ಪ ಹೆಚ್ಚೇ ಎಳೆಯಲಾಗುತ್ತಿದೆ ಎನಿಸುತ್ತದೆ. ಸಂಜೆಯ ಅಂಕಿ ಕಚ್ಚಾ ಎಂಬುದು ಅಧಿಕಾರಿಗಳಿಗೂ ಗೊತ್ತಿತ್ತು, ಪತ್ರಿಕೆ ಓದುವವರಿಗೂ ಕ್ರಮೇಣ ಗೊತ್ತಾಯಿತು. ವಯಸ್ಸಾದ ತಂದೆತಾಯಿ ಇರುವ ಮನೆಯವರು ನಾಳೆ ಹೊರಗೆ ಹೋಗಬೇಕೇ ಬೇಡವೇ ಎಂಬುದನ್ನು ಆ ರಾತ್ರಿಯೇ ನಿರ್ಧರಿಸಬೇಕಾಗಿತ್ತು. ಮಾದರಿಯ ದಿನಾಂಕದ ಪಟ್ಟಿ ಪೂರ್ತಿಯಾಗುವವರೆಗೆ ಕಾಯುವ ಸೌಕರ್ಯ ಅವರಿಗಿರಲಿಲ್ಲ. ಸಂಖ್ಯೆ ಎಷ್ಟು ಎನ್ನುವುದಕ್ಕಿಂತ ಅದು ಕಳೆದ ವಾರಕ್ಕಿಂತ ಏರುತ್ತಿದೆಯೇ ಇಳಿಯುತ್ತಿದೆಯೇ ಎಂಬುದನ್ನು ನೋಡಿ ನಡೆದುಕೊಂಡವರು ತಪ್ಪೇನೂ ಮಾಡಲಿಲ್ಲ.

ನನ್ನ ಆಕ್ಷೇಪ ಬೇರೆ ಕಡೆಗಿದೆ. ಜರ್ಮನಿ 2020ರ ಮೇ ತಿಂಗಳಲ್ಲಿ ಏಳು ದಿನಗಳಲ್ಲಿ ಲಕ್ಷ ಜನಸಂಖ್ಯೆಗೆ 50 ಹೊಸ ಪ್ರಕರಣಗಳು ಎಂಬ ಮಿತಿ ಹಾಕಿ, ಅದನ್ನು ದಾಟಿದ ಜಿಲ್ಲೆಗಳಲ್ಲಿ ನಿರ್ಬಂಧ ಮರಳಬೇಕೆಂದಿತು. ಹೀಗೆ ಮಿತಿ ಹಾಕುವುದು ಆಡಳಿತಕ್ಕೆ ಅನುಕೂಲ, ಆದರೆ ನಾನು ಓದಿದ ಕ್ರೀಡಾ ಲೇಖನಗಳು ಅದರ ಫಲ ಯಾರಿಗೆ ಹೇಗೆ ತಟ್ಟಿತು ಎಂಬುದನ್ನು ಮುಟ್ಟುವುದೇ ಇಲ್ಲ. ಇಂಗ್ಲೆಂಡಿನಲ್ಲಿ 2020ರ ನವೆಂಬರ್ 5ರಿಂದ ಡಿಸೆಂಬರ್ 2ರವರೆಗಿನ ಲಾಕ್‌ಡೌನಿನಲ್ಲಿ ವೃತ್ತಿಪರ ಲೀಗುಗಳು ನಡೆದವು, ಮಕ್ಕಳ ಮತ್ತು ಹವ್ಯಾಸಿಗಳ ಸಂಘಟಿತ ಆಟ ನಿಂತಿತು. ಪದೇ ಪದೇ ಪರೀಕ್ಷಿಸಿಕೊಳ್ಳಲು ಹಣವಿದ್ದವರಿಗೆ ಆಟವಿತ್ತು. ಮೈದಾನ ತೆರೆದ ಜಾಗ, ಅಲ್ಲಿ ಸೋಂಕು ಹರಡುವ ಅಪಾಯ ಮುಚ್ಚಿದ ಕೋಣೆಗಿಂತ ಬಹಳ ಕಡಿಮೆ ಎಂಬುದು ಅಷ್ಟು ಹೊತ್ತಿಗೆ ಗೊತ್ತಿದ್ದ ಸಂಗತಿಯೇ. ಬಬಲ್‌ಗಳ ಯಶಸ್ಸನ್ನು ಬರೆಯುವಾಗ ಈ ಭೇದವನ್ನು ಮುಚ್ಚಿಡಬೇಡಿ.

ಉತ್ತರ: ಅಂಶ-ಛೇದ

ಏರಿಕೆ, ಇಳಿಕೆಯನ್ನು ನೋಡಿದ್ದು ಸರಿ ಎನ್ನುವ ಮಾತಿಗೆ ನನ್ನ ತಕರಾರಿಲ್ಲ, ಪರೀಕ್ಷೆಗಳ ಸಂಖ್ಯೆ ಅದೇ ವಾರ ದುಪ್ಪಟ್ಟಾಗಿರದಿದ್ದರೆ. ವೃತ್ತಿಪರರಿಗೂ ಹವ್ಯಾಸಿಗಳಿಗೂ ಇದ್ದ ಭೇದದ ಮಾತು ಲೇಖನದಲ್ಲಿ ಬರಲೇಬೇಕು.

ಊರಿನ ಜನರ ಮಟ್ಟದಲ್ಲಿ ಛೇದ ಗೊತ್ತಿರುವ ಅಂಕಿ ಬೇಕೆಂದರೆ ಯಾದೃಚ್ಛಿಕ ಸಮೀಕ್ಷೆಗಳಿಗೇ ಹೋಗಬೇಕು. ಬ್ರಿಟನ್ನಿನಲ್ಲಿ ರಾಷ್ಟ್ರೀಯ ಅಂಕಿಅಂಶ ಕಚೇರಿಯ ಮನೆಮನೆ ಸಮೀಕ್ಷೆ ಮತ್ತು ಇಂಪೀರಿಯಲ್ ಕಾಲೇಜಿನ ರಿಯಾಕ್ಟ್ ಅಧ್ಯಯನ, ಎರಡರಲ್ಲೂ ರೋಗಲಕ್ಷಣವನ್ನು ನೋಡದೆ ಜನರನ್ನು ಆಯ್ದು ಪರೀಕ್ಷಿಸಲಾಗುತ್ತಿತ್ತು. ನಿಮ್ಮ ಮರುಪ್ರಶ್ನೆಗೂ ಅಲ್ಲಿ ಒಂದು ಸುಳಿವಿದೆ. ಯೂರೊ ಟೂರ್ನಿ ನಡೆಯುತ್ತಿದ್ದಾಗ, 2021ರ ಜೂನ್ ಕೊನೆ ಮತ್ತು ಜುಲೈ ಮೊದಲ ದಿನಗಳಲ್ಲಿ, ರಿಯಾಕ್ಟ್ ಪ್ರಕಾರ ಗಂಡಸರಲ್ಲಿ ಸೋಂಕಿನ ಸಂಭವ ಹೆಂಗಸರಿಗಿಂತ ಸುಮಾರು ಶೇಕಡ 30ರಷ್ಟು ಹೆಚ್ಚಿತ್ತು. ಫುಟ್‌ಬಾಲ್ ನೋಡಲು ಗುಂಪು ಸೇರಿದ್ದು ಇದಕ್ಕೆ ಕಾರಣವಿರಬಹುದೆಂದು ಸಂಶೋಧಕರು ಊಹಿಸಿದರು. ಇಡೀ ಇಂಗ್ಲೆಂಡಿನಲ್ಲಿ ಈ ವ್ಯತ್ಯಾಸ ಕಾಣಬೇಕಾದರೆ ವೆಂಬ್ಲಿಯ ಗ್ಯಾಲರಿ ಒಂದೇ ಸಾಲದು.

ಟೋಕಿಯೊ ಬಗ್ಗೆ ಬರೆಯುವಾಗ ಎರಡು ಗೆರೆಗಳನ್ನು ಪ್ರತ್ಯೇಕವಾಗಿಯೇ ಎಳೆಯಿರಿ: ಕ್ರೀಡಾಕೂಟದ ಒಳಗೆ ನಿತ್ಯ ಪರೀಕ್ಷೆಗೊಳಗಾದವರದು ಒಂದು, ನಗರದ ನಿವಾಸಿಗಳದು ಇನ್ನೊಂದು. ಅಲ್ಲಿ ಡೆಲ್ಟಾ ರೂಪಾಂತರಿಯ ಏರಿಕೆ ಉದ್ಘಾಟನೆಗೆ ಮುಂಚೆಯೇ ಆರಂಭವಾಗಿತ್ತು. ಜುಲೈ 31ರಂದು ವರದಿಯಾದವರಲ್ಲಿ ಅನೇಕರಿಗೆ ಸೋಂಕು ತಗುಲಿದ್ದು ಜುಲೈ 23ರ ಆಸುಪಾಸಿನಲ್ಲಿ ಅಥವಾ ಅದಕ್ಕೂ ಮುಂಚೆ. ಒಲಿಂಪಿಕ್ಸ್ ನಡೆಯುತ್ತಿದೆ ಎಂಬ ಕಾರಣಕ್ಕೆ ಜನರ ಎಚ್ಚರ ಸಡಿಲಗೊಂಡಿತೇ ಎಂಬ ಚರ್ಚೆ ಆಗ ಜಪಾನಿನಲ್ಲಿ ಜೋರಾಗಿಯೇ ನಡೆಯಿತು. ಅದನ್ನು ಚರ್ಚೆ ಎಂದೇ ಬರೆಯಿರಿ, ಗ್ರಾಫಿನಿಂದ ಅದನ್ನು ತೀರ್ಮಾನಿಸಲು ಬರುವುದಿಲ್ಲ.

ದೇಶ ದೇಶಗಳನ್ನು ಹೋಲಿಸುವ ಭಾಗದಲ್ಲಿ ಪ್ರಕರಣಗಳನ್ನು ಬಿಟ್ಟು ಹೆಚ್ಚುವರಿ ಸಾವಿನ, ಅಂದರೆ ಮಾಮೂಲಿಯಾಗಿ ನಿರೀಕ್ಷಿಸುವುದಕ್ಕಿಂತ ಹೆಚ್ಚಾಗಿ ಸಂಭವಿಸಿದ ಸಾವುಗಳ, ಅಂದಾಜನ್ನು ಬಳಸಿ. 2020 ಮತ್ತು 2021ರಲ್ಲಿ ಜಗತ್ತಿನಾದ್ಯಂತ ಕೋವಿಡ್ ಸಾವೆಂದು ವರದಿಯಾದದ್ದು ಸುಮಾರು 54 ಲಕ್ಷವಾದರೆ, ಅದೇ ಅವಧಿಯ ಹೆಚ್ಚುವರಿ ಸಾವುಗಳನ್ನು ವಿಶ್ವ ಆರೋಗ್ಯ ಸಂಸ್ಥೆ 2022ರ ಮೇ ತಿಂಗಳಲ್ಲಿ 1 ಕೋಟಿ 49 ಲಕ್ಷವೆಂದು ಅಂದಾಜಿಸಿತು. ಸಾವಿನ ಎಣಿಕೆಯಲ್ಲೇ ಇಷ್ಟು ಅಂತರವಿರುವಾಗ ಪ್ರಕರಣಗಳ ಎಣಿಕೆಯನ್ನು ದೇಶಗಳ ನಡುವಿನ ತೂಕಕ್ಕೆ ಇಡಲು ಬಾರದು.

ಕೊನೆಯದಾಗಿ, ಗ್ರಾಫನ್ನು ಎಲ್ಲಿಗೆ ನಿಲ್ಲಿಸಬೇಕು ಎಂಬುದನ್ನೂ ಈಗಲೇ ತೀರ್ಮಾನಿಸಿಕೊಳ್ಳಿ. 2021ರ ನವೆಂಬರ್ 26ರಂದು ಒಮಿಕ್ರಾನ್ ಕಳವಳಕಾರಿ ರೂಪಾಂತರಿಗಳ ಪಟ್ಟಿಗೆ ಸೇರಿದ ನಂತರ ಮನೆಯಲ್ಲೇ ಪರೀಕ್ಷಿಸಿಕೊಂಡು ಯಾರಿಗೂ ತಿಳಿಸದವರ ಸಂಖ್ಯೆ ಬೆಳೆಯುತ್ತಾ ಹೋಯಿತು, ಹಲವು ದೇಶಗಳು ದೈನಂದಿನ ವರದಿಯನ್ನೇ ಕೈಬಿಟ್ಟವು, 2023ರ ಮಾರ್ಚ್ 10ರಂದು ಜಗತ್ತಿನ ಪ್ರಕರಣಗಳನ್ನು ಒಟ್ಟುಗೂಡಿಸುತ್ತಿದ್ದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಲೆಕ್ಕವೂ ನಿಂತಿತು. ನಿಮ್ಮ ಪಟ್ಟಿಯಲ್ಲಿ 2022ರ ಪಂದ್ಯಗಳಿದ್ದರೆ ಅವುಗಳ ಪಕ್ಕದಲ್ಲಿ ಪ್ರಕರಣಗಳ ಸಂಖ್ಯೆಯನ್ನು ಹಾಕಬೇಡಿ. ಆಸ್ಪತ್ರೆಗೆ ದಾಖಲಾದವರ ಸಂಖ್ಯೆ ಸಿಗುವ ಕಡೆ ಅದನ್ನು ಹಾಕಿ, ಸಿಗದ ಕಡೆ ಆ ಅಂಕಣವನ್ನು ಖಾಲಿ ಬಿಡಿ.